ಆ 967 ರೂಪಾಯಿ ಯಾರ ಜೇಬಿಗೆ ಹೋಯಿತು, ಹೇಳಿ

967 ರೂಪಾಯಿ 1 ಪೈಸೆ. ಮಗಳ ಕಾಲೇಜಿನ ಫೀ ಅಲ್ಲ ಇದು. ಫೀ ಕಟ್ಟಿದ್ದಕ್ಕೆ ಮೇಲೆ ಕಟ್ಟಿಸಿಕೊಂಡಿದ್ದು. ಬೆಳಿಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಊಟ ಸೇರಿಲ್ಲ. ಯಾರಿಗೆ ಹೇಳಿದರೂ "ಈಗ ಎಲ್ಲಾ ಕಡೆ ಹಂಗ ಐತಿ ಬಿಡು" ಅಂತಾರೆ. ಎಲ್ಲಾ ಕಡೆ ಇದ್ದ ಮಾತ್ರಕ್ಕೆ ಸರಿಯಾಗಿಬಿಡುತ್ತಾ?

ಫೀ 74,500. ಅದರ ಮೇಲೆ ಆನ್‌ಲೈನಿನಲ್ಲಿ ಕಟ್ಟಿದ್ದಕ್ಕೆ ಚಾರ್ಜು ಶೇ 1.1 ಅಂತ 819 ರೂಪಾಯಿ 50 ಪೈಸೆ. ಆ 819ರ ಮೇಲೆ ಮತ್ತೆ ಶೇ 18 ಜಿಎಸ್‌ಟಿ, 147 ರೂಪಾಯಿ 51 ಪೈಸೆ. ಪದವಿ ಪಾಠಕ್ಕೆ ಸರ್ಕಾರ ಜಿಎಸ್‌ಟಿ ಹಾಕಿಲ್ಲ. ಪಾಠದ ದುಡ್ಡು ನನ್ನ ಖಾತೆಯಿಂದ ಅವರ ಖಾತೆಗೆ ದಾಟಿದ್ದಕ್ಕೆ ಮಾತ್ರ ಜಿಎಸ್‌ಟಿ ಬಿತ್ತು. ಒಂದು ಪೈಸೆಯನ್ನೂ ಬಿಡಲಿಲ್ಲ ನೋಡಿ.

ನಗದು ಕೊಡ್ತೀನಿ ಅಂದರೆ ತಗೊಳ್ಳಲ್ಲ. ಯುಪಿಐ ಮಾಡ್ತೀನಿ ಅಂದರೆ ಅವರು ಕಳಿಸಿದ ಲಿಂಕಿನಲ್ಲಿ ಯುಪಿಐ ಇಲ್ಲವೇ ಇಲ್ಲ. ಕಾರ್ಡು, ಇಲ್ಲಾಂದ್ರೆ ನೆಟ್ ಬ್ಯಾಂಕಿಂಗ್, ಅಷ್ಟೇ. ಕೊನೇ ದಿನ ಬೇರೆ. ದಾಟಿದರೆ ದಂಡ.

ಸರಿ, ರೊಕ್ಕ ಹೋಯ್ತು. ರೊಕ್ಕಕ್ಕಿಂತ ಜಾಸ್ತಿ ಉರೀತಿರೋದು ಕಾಲೇಜಿನ ಫೀ ಕಿಟಕಿ ಮುಂದೆ ಆಗಿದ್ದು.

ನನ್ನ ಖಾತೆಯಲ್ಲಿ ಸರಿಯಾಗಿ 75,000 ಇತ್ತು. ಸಂಘದಿಂದ ಸಾಲ ತಗೊಂಡು, ಮೇಲಿಂದ ಐನೂರು ಇರಲಿ ಅಂತ ನಾನೇ ಹಾಕಿದ್ದು. ಮಗಳ ಮೊಬೈಲಿನಲ್ಲಿ ಕಾರ್ಡಿನ ನಂಬರ್ ಹಾಕಿ, ಓಟಿಪಿ ಹಾಕಿದರೆ ಕೆಂಪು ಅಕ್ಷರ ಬಂತು. ಏನೋ ತಪ್ಪಾಗಿರಬೇಕು ಅಂತ ಮೊಬೈಲ್ ಹಿಡಿದು ಕಿಟಕಿಗೆ ಹೋದೆ. ಒಳಗಿದ್ದವರು ಪರದೆ ನೋಡಿದರು. ಮೆತ್ತಗೆ ಹೇಳಬಹುದಿತ್ತು ಅಲ್ವಾ? ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು.

"ಅಕ್ಕಾರ, ಅಕೌಂಟಿನ್ಯಾಗ ರೊಕ್ಕ ಇಲ್ರೀ. ರೊಕ್ಕ ಇಲ್ಲದ ಹೆಂಗ ಫೀ ಕಟ್ಟತೀರಿ?"

"ಐತ್ರೀ ಸರ್. ಎಪ್ಪತ್ತೈದು ಸಾವಿರ ಐತಿ. ಫೀ ಎಪ್ಪತ್ನಾಲ್ಕೂವರೆ ಅಲ್ರೀ?"

"ಮ್ಯಾಲಿನ ಚಾರ್ಜ್ ಯಾರ ಕೊಡ್ತಾರ? ನಾ ಕೊಡ್ಲೇನು?"

ಹಿಂದೆ ನಿಂತ ಹುಡುಗರು ನಕ್ಕರು. ಇಬ್ಬರೋ ಮೂವರೋ, ಆದರೆ ನಕ್ಕರು. ನನ್ನ ಮಗಳು ಬ್ಯಾಗಿನ ಜಿಪ್ಪು ಎಳೀತಾ, ಹಾಕ್ತಾ ನಿಂತಿದ್ದಳು. ತಲೆ ಎತ್ತಲಿಲ್ಲ. "ಚಾರ್ಜ್ ಐತಿ ಅಂತ ನೋಟಿಸಿನ್ಯಾಗ ಬರದಿಲ್ಲಲ್ರೀ" ಅಂದೆ. ಅದಕ್ಕೆ ಅವರು, "ಅದು ನಮ್ದಲ್ರೀ, ನಡುವ ರೊಕ್ಕ ದಾಟಸೂ ಕಂಪನಿ ಐತೆಲ್ರೀ, ಆ ಗೇಟ್‌ವೇದವರದು. ಕಟ್ಟೂದಿದ್ರ ಕಟ್ರಿ, ಇಲ್ಲಂದ್ರ ಸರೀರಿ, ಹಿಂದ ಮಂದಿ ಅದಾರ" ಅಂದರು.

ಸರೀರಿ. ಈ ಮಾತು ಕೇಳಿಸಿಕೊಳ್ಳೋಕೆ ಗದಗದಿಂದ ಹುಬ್ಬಳ್ಳಿಗೆ ಹೋಗಿದ್ದೆನಾ?

ಕಡಿಮೆ ಬಿದ್ದಿದ್ದು 467 ರೂಪಾಯಿ. ಅದನ್ನ ಯಾರು ಕೊಟ್ಟರು ಗೊತ್ತಾ? ನನ್ನ ಮಗಳ ಕ್ಲಾಸಿನ ಹುಡುಗಿ. ಸಾಲಿನಿಂದ ಬಂದು "ಆಂಟಿ, ನಂಬರ್ ಹೇಳ್ರಿ, ನಾ ಐನೂರು ಹಾಕ್ತೀನಿ" ಅಂದಳು. ಯುಪಿಐನಲ್ಲಿ ಹಾಕಿದಳು. ಐನೂರು ಹಾಕಿದಳು, ಐನೂರೇ ಬಂತು. ಒಂದು ಪೈಸೆ ಮುರಿಯಲಿಲ್ಲ. ಆ ಕೂಸಿನ ಮುಖ ನೋಡೋಕೆ ನನಗೆ ಆಗಲಿಲ್ಲ. ಒಳ್ಳೇ ಮನಸ್ಸಿನಿಂದ ಕೊಟ್ಟಳು, ಸಂಜೆಗೇ ವಾಪಸ್ ಹಾಕಿದೆ. ಆದರೆ ನಾಳೆಯಿಂದ ನನ್ನ ಮಗಳು ಅವಳ ಪಕ್ಕ ಹೆಂಗೆ ಕೂರಬೇಕು?

ನಾನು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವವಳು. ಒಂದು ರೊಟ್ಟಿಗೆ ಜೋಳ, ಗ್ಯಾಸ್, ಬಡಿಯೋಕೆ ಬರುವವರ ಕೂಲಿ ಎಲ್ಲ ಕಳೆದು ನನಗೆ ಉಳಿಯೋದು ಎರಡು ರೂಪಾಯಿ. 967 ಅಂದರೆ ಹತ್ತತ್ತಿರ ಐನೂರು ರೊಟ್ಟಿ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಹೆಚ್ಚುಕಮ್ಮಿ ಅರ್ಧ. ಮನೆಯಲ್ಲಿ ಮಾರುವ ಡಬ್ಬದ ಮೇಲೆ ನಾನೂ ಕ್ಯೂಆರ್ ಅಂಟಿಸಿದ್ದೇನೆ. ನಲವತ್ತು ರೂಪಾಯಿ ರೊಟ್ಟಿ ತಗೊಂಡವರು ನಲವತ್ತೇ ಕೊಡ್ತಾರೆ, ನನಗೆ ನಲವತ್ತೇ ಬರುತ್ತೆ. ನನ್ನ ಡಬ್ಬಕ್ಕೆ ಆಗೋದು ಅಷ್ಟು ದೊಡ್ಡ ಕಾಲೇಜಿಗೆ ಯಾಕೆ ಆಗಲ್ಲ?

ದೊಡ್ಡ ಮೊತ್ತಕ್ಕೆ ಯುಪಿಐ ನಡೆಯಲ್ಲ ಅಂತ ಒಬ್ಬರು ಬುದ್ಧಿ ಹೇಳಿದರು. ಸುಮ್ನೆ ಹೇಳಬೇಡಿ. ಕಾಲೇಜು ಮತ್ತು ಆಸ್ಪತ್ರೆಗೆ ಯುಪಿಐ ಮಿತಿಯನ್ನ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸ್ತೀವಿ ಅಂತ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಹೇಳಿದೆ. ನನ್ನದು ಒಂದು ಲಕ್ಷವೂ ಇರಲಿಲ್ಲ.

ಇನ್ನೊಂದು ಇದೆ. ನಾನು ಕೊಟ್ಟಿದ್ದು ರುಪೇ ಡೆಬಿಟ್ ಕಾರ್ಡು. ರಾತ್ರಿ ನಿದ್ದೆ ಬರಲ್ಲ ಅಂತ ಗೊತ್ತಾಗಿ ಕೂತು ಹುಡುಕಿದೆ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಬ್ಯಾಂಕಿನವರು ವ್ಯಾಪಾರಿಯಿಂದ ಎಂಡಿಆರ್, ಅಂದರೆ ದುಡ್ಡು ಪಡೆಯುವವರಿಂದ ಬ್ಯಾಂಕ್ ಹಿಡಿಯುವ ಶುಲ್ಕ, ಮುರಿಯುವಂತಿಲ್ಲ. ಪಾವತಿ ವ್ಯವಸ್ಥೆಯ ಕಾಯ್ದೆಗೆ 10ಎ ಅಂತ ಕಲಮು ಸೇರಿಸಿದ್ದಾರೆ. ನೇರವಾಗಿಯೂ ಬೇಡ, ಸುತ್ತು ಬಳಸಿಯೂ ಬೇಡ, ಶುಲ್ಕ ಹಾಕಬೇಡಿ ಅಂತ ಬ್ಯಾಂಕುಗಳಿಗೆ, ಆ ವ್ಯವಸ್ಥೆ ನಡೆಸುವವರಿಗೆ ಅದರಲ್ಲಿ ಹೇಳಿದೆ. 2020ರ ಆಗಸ್ಟ್‌ನಲ್ಲಿ, ಹಾಗೆ ಮುರಿದುಕೊಂಡಿದ್ದರೆ ವಾಪಸ್ ಕೊಡಿ ಅಂತ ಬ್ಯಾಂಕುಗಳಿಗೆ ಸುತ್ತೋಲೆಯೂ ಹೋಗಿದೆ. ಹಂಗಾದರೆ ನನ್ನ ರುಪೇ ಕಾರ್ಡಿನ ಮೇಲೆ ಶೇ 1.1 ಹಾಕಿದವರು ಯಾರು? ಬ್ಯಾಂಕ್ ತಗೊಳ್ಳದೇ ಇದ್ದರೆ ಮಧ್ಯದವರು ಯಾವ ಖರ್ಚು ತೋರಿಸಿ ತಗೊಂಡರು? ಕಾಲೇಜಿಗೂ ಅದರಲ್ಲಿ ಪಾಲು ಇದೆಯಾ? ಕೇಳಬಾರದಾ ಇದನ್ನ?

ಕಾಲೇಜಿನ ರಸೀದಿ ತೆಗೆದು ನೋಡಿದೆ. 74,500 ಮಾತ್ರ ಇದೆ. ಆ 967ರ ಸುದ್ದಿಯೇ ಇಲ್ಲ. ಸಂಘದ ಲೆಕ್ಕದ ಪುಸ್ತಕ ಬರೆಯುವವಳು ನಾನೇ. ಯಾರೇ ಸಾಲ ತಗೊಂಡರೂ ಯಾವುದಕ್ಕೆ ಖರ್ಚಾಯಿತು, ಚೀಟಿ ಎಲ್ಲಿ ಅಂತ ಕೇಳುವವಳೂ ನಾನೇ. ಈಗ ನನ್ನ ಸಾಲದ ಮುಂದೆ ಏನು ಬರೆಯಲಿ? ಹತ್ತು ರೂಪಾಯಿ ವ್ಯತ್ಯಾಸ ಬಂದರೂ ನಮ್ಮ ಹೆಣ್ಣುಮಕ್ಕಳು ಎಣಿಸಿ ಮುಗಿಸುವ ತನಕ ಎದ್ದು ಹೋಗಲ್ಲ.

ಹೋಗಲಿ ಬಿಡು ಅಂತ ನನಗೂ ಅನಿಸುತ್ತೆ. ಸೀಟು ಸಿಕ್ಕಿದೆ, ಫೀ ಕಟ್ಟಿಯಾಯ್ತು, ಹುಡುಗಿ ಓದಲಿ. ಜಗಳ ಮಾಡಿದರೆ ನಾಳೆ ಅವಳಿಗೇ ತೊಂದರೆ. "ಅವ್ವಾ, ಸುಮ್ನಿರು, ಇಂಟರ್ನಲ್ ಮಾರ್ಕ್ಸ್ ಅವರ ಕೈಯಾಗ ಅದಾವ" ಅಂತ ಬಸ್ಸಿನಲ್ಲಿ ಅಣ್ಣಿಗೇರಿ ದಾಟುವ ತನಕ ಅದನ್ನೇ ಹೇಳಿದಳು. ಆಯ್ತು, ಸುಮ್ನಿರ್ತೀನಿ ಅಂದೆ.

ಇಲ್ಲ, ಸುಮ್ನಿರಲ್ಲ. ಪ್ರತಿ ವರ್ಷ ಇದೇ ಲಿಂಕು, ಇದೇ ಚಾರ್ಜು. ಇವಳ ಹಿಂದೆ ಸಾಲಲ್ಲಿ ನಿಂತಿದ್ದ ಅಷ್ಟೂ ಮಕ್ಕಳ ಮನೆಯಿಂದ ಇದು ಹೋಗುತ್ತೆ. ಯಾರೂ ಕೇಳಲ್ಲ ಅಂತ ಗೊತ್ತಿದ್ದೇ ತಗೊಳ್ಳೋದು. ಸೀಟು ಹೋಗುತ್ತೇನೋ ಅನ್ನೋ ಹೆದರಿಕೆಯಲ್ಲಿ ನಿಂತಿರುವವರು ಎಂಟುನೂರು, ಸಾವಿರಕ್ಕೆ ಎಲ್ಲಿ ಬಾಯಿ ಬಿಡ್ತಾರೆ?

ಕಾಲೇಜಿನ ಹೆಸರು ಬರೆಯಲ್ಲ, ಮಗಳಿಗೆ ಮಾತು ಕೊಟ್ಟಿದ್ದೇನೆ. ಆದರೆ ಬ್ಯಾಂಕಿಗೂ ಆ ಗೇಟ್‌ವೇದವರಿಗೂ ಅರ್ಜಿ ಬರೆದಿಟ್ಟಿದ್ದೇನೆ. ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಕಳಿಸಬಹುದಂತೆ. ಕಳಿಸ್ತೀನಿ.

ಹುಬ್ಬಳ್ಳಿ, ಧಾರವಾಡ, ಹಾವೇರಿ, ಎಲ್ಲೇ ಆಗಲಿ, ರುಪೇ ಕಾರ್ಡಿನಲ್ಲಿ ಫೀ ಕಟ್ಟಿ ಈ ಚಾರ್ಜ್ ವಾಪಸ್ ತಗೊಂಡವರು ಯಾರಾದರೂ ಇದ್ದೀರಾ? ಯಾರಿಗೆ ಬರೆದಿರಿ, ಏನಂತ ಬರೆದಿರಿ? ದಯವಿಟ್ಟು ಹೇಳಿ. "ಎಲ್ಲಾ ಕಡೆ ಹಂಗ ಐತಿ" ಅನ್ನುವವರು ಮಾತ್ರ ಉತ್ತರ ಕೊಡಬೇಡಿ.