ಆರಿದ್ರಾ ಮಳೆಯಲ್ಲಿ ನೋಡಬೇಕಾದ ಸಿಮ್ಮು

ಸಾಗರದ ಆಚೆಗಿರುವ ನಮ್ಮ ಊರಿನ ಮನೆಯಲ್ಲಿ ಅಮ್ಮನ ಮೊಬೈಲಿಗೆ ಒಂದು ಸ್ಥಾನವಿದೆ: ಅಡುಗೆಮನೆಯ ಕಿಟಕಿಯ ಎಡಗಡೆಯ ಸರಳಿಗೂ ಉಪ್ಪಿನ ಭರಣಿಗೂ ನಡುವೆ. ಅಲ್ಲಿಂದ ಒಂದು ಗೇಣು ಸರಿಸಿದರೂ ರೇಂಜ್ ಹೋಗುತ್ತದೆ. ಊರಿಗೆ ಹೋದಾಗ ನನ್ನದನ್ನೂ ಅದರ ಪಕ್ಕದಲ್ಲೇ ಇಡುತ್ತೇನೆ, ಏಕೆಂದರೆ ಇಬ್ಬರದೂ ಒಂದೇ ಕಂಪನಿ. ಜೇಬಿನಲ್ಲಿಟ್ಟುಕೊಂಡು ತಿರುಗಾಡಲೆಂದು ಹುಟ್ಟಿದ ಯಂತ್ರವು ಹೀಗೆ ಕಿಟಕಿಗೆ ಕಟ್ಟಿಹಾಕಿದ ಕರುವಿನಂತೆ ಕುಳಿತಿರುವುದನ್ನು ಹಲವು ವರ್ಷ ನೋಡಿ, ಕಳೆದ ಏಪ್ರಿಲ್‌ನಲ್ಲಿ, ಬೆಂಗಳೂರಿನ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿಯೂ ಕರೆಗಳು ಕಡಿದುಹೋಗತೊಡಗಿದ ಮೇಲೆ, ಕಂಪನಿಯನ್ನು ಬದಲಾಯಿಸುವ ಯೋಚನೆಗೆ ಬಂದೆ.

ಬದಲಾಯಿಸುವುದು ಈಗ ಕಷ್ಟವೇನಲ್ಲ. 2011ರ ಜನವರಿ 20ಕ್ಕೆ ಮೊದಲು ಕರ್ನಾಟಕದಲ್ಲಿ ಕಂಪನಿ ಬಿಡುವುದೆಂದರೆ ಸಂಖ್ಯೆಯನ್ನೂ ಬಿಡುವುದಾಗಿತ್ತು. ‘ಇದು ನನ್ನ ಹೊಸ ನಂಬರ್’ ಎಂದು ಬಂಧುಬಳಗಕ್ಕೆಲ್ಲ ಸಂದೇಶ ಕಳಿಸಿ, ಕಳಿಸಲು ಮರೆತವರ ಮುನಿಸನ್ನು ಮುಂದಿನ ಮದುವೆಮನೆಯಲ್ಲಿ ಎದುರಿಸಬೇಕಾಗಿತ್ತು. ಈಗ ‘ಪೋರ್ಟ್’ ಎಂಬ ಪದವನ್ನೂ ಸಂಖ್ಯೆಯನ್ನೂ 1900ಕ್ಕೆ ಕಳಿಸಿದರೆ ಎಂಟು ಅಕ್ಷರಗಳ ಸಂಕೇತವೊಂದು ಬರುತ್ತದೆ, ಅದನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಆಯಿತು. ತೊಡಕಿರುವುದು ಆಮೇಲೆ. ಒಮ್ಮೆ ಹೋದವರು 90 ದಿನಗಳಾಗುವ ತನಕ ಮತ್ತೆ ಹೊರಡುವಂತಿಲ್ಲ. ಪಶ್ಚಾತ್ತಾಪ ಪಡಲು ಮೂರು ತಿಂಗಳು ದೀರ್ಘವಾದ ಅವಧಿ. ಆದ್ದರಿಂದ, ಹೋರಿ ಕೊಳ್ಳುವವನು ಹಲ್ಲು ನೋಡಿದ್ದು ಸಾಲದೆಂದು ಒಂದು ಸುತ್ತು ನೊಗಕ್ಕೆ ಕಟ್ಟಿ ನೋಡುವಂತೆ, ಹೊಸ ಕಂಪನಿಯ ಒಂದು ಬಿಡಿ ಸಿಮ್ಮನ್ನು ತಂದು ಫೋನಿನ ಎರಡನೆಯ ಕಿಂಡಿಯಲ್ಲಿ ಕೂರಿಸಿ, ಮಾತಿಗೂ ಬ್ಯಾಂಕಿನ ಒಟಿಪಿಗೂ ಹಳೆಯದು, ಡೇಟಾಕ್ಕೆ ಹೊಸದು ಎಂದು ಪಾಲು ಮಾಡಿದೆ.

ಮೂಲೆಯ ಅಂಗಡಿಯವನು ನನ್ನ ಮುಖದ ಫೋಟೊ ತೆಗೆದು, ಸಿಮ್ಮು ಕೊಟ್ಟು, ‘28 ದಿನದ್ದು ಕರೆನ್ಸಿ ಹಾಕಲಾ ಸಾರ್?’ ಎಂದ. ಈ 28ರ ತಿಂಗಳು ನನಗೆ ಎಂದೂ ಅರ್ಥವಾಗಿಲ್ಲ. ಅದು ಸೌರಮಾನವೂ ಅಲ್ಲ, ಚಾಂದ್ರಮಾನವೂ ಅಲ್ಲ. ಅಧಿಕಮಾಸವು ನಮ್ಮ ಪಂಚಾಂಗದಲ್ಲಿ ಮೂರು ವರ್ಷಕ್ಕೊಮ್ಮೆ ಬಂದರೆ ಮೊಬೈಲಿನವರ ಪಂಚಾಂಗದಲ್ಲಿ ಪ್ರತಿ ವರ್ಷವೂ ಬರುತ್ತದೆ, ವರ್ಷಕ್ಕೆ 13 ಬಾರಿ ಹಣ ಕಟ್ಟಬೇಕಾಗುತ್ತದೆ.

ಪರೀಕ್ಷೆ ಮನೆಯಿಂದಲೇ ಆರಂಭವಾಯಿತು. ಪರದೆಯ ಮೇಲಿನ ಗೀಟುಗಳನ್ನು ನಂಬಬಾರದೆಂಬುದನ್ನು ಮೊದಲ ದಿನವೇ ಕಲಿತೆ. ಎಷ್ಟು ಬಲಕ್ಕೆ ಎಷ್ಟು ಗೀಟು ಎಂಬುದನ್ನು ಒಂದೊಂದು ಫೋನು ಒಂದೊಂದು ಬಗೆಯಾಗಿ ತೀರ್ಮಾನಿಸುತ್ತದೆ. ನಿಜವಾದ ಅಳತೆ ಸೆಟ್ಟಿಂಗ್ಸ್‌ನ ಒಳಗೆ, ಡಿಬಿಎಂ ಎಂಬ ಮಾನದಲ್ಲಿ, ಋಣಸಂಖ್ಯೆಯಾಗಿ ಅಡಗಿರುತ್ತದೆ. ಋಣ 85 ಇದ್ದರೆ ಸುಖ, ಋಣ 110 ದಾಟಿದರೆ ‘ಹಲೋ ಹಲೋ’. ಋಣ ಕಡಿಮೆಯಿದ್ದಷ್ಟೂ ನೆಮ್ಮದಿ ಎಂಬ ಈ ಲೆಕ್ಕವನ್ನು ಹೆಂಡತಿಗೆ ವಿವರಿಸಿದಾಗ, ಮನೆಸಾಲದ ಕಂತು ಕಟ್ಟುವವಳು ಅವಳೇ ಆದ್ದರಿಂದ, ತಕ್ಷಣ ಒಪ್ಪಿಕೊಂಡಳು. ಮುಂದಿನ ಒಂದು ವಾರ ನಾನು ಫೋನನ್ನು ಮುಂದಕ್ಕೆ ಚಾಚಿ, ನೆಲದೊಳಗಿನ ನೀರು ಹುಡುಕುವವನು ತೆಂಗಿನಕಾಯಿ ಹಿಡಿದು ನಡೆಯುವಂತೆ, ಬಚ್ಚಲಿನಿಂದ ಬಾಲ್ಕನಿಯ ತನಕ ನಡೆದೆ. ಹನ್ನೆರಡು ವರ್ಷಗಳಿಂದ ವಾಸಿಸುತ್ತಿರುವ ಮನೆಯಲ್ಲಿ ನಾನು ಎಲ್ಲೆಲ್ಲಿ ನಿಂತು ಮಾತನಾಡುತ್ತೇನೆ ಎಂಬುದು ನನಗೇ ಆಗ ತಿಳಿಯಿತು: ಅಕ್ಕನೊಡನೆ ಬಾಲ್ಕನಿಯಲ್ಲಿ, ಕಚೇರಿಯವರೊಡನೆ ಬೀರುವಿನ ಪಕ್ಕದಲ್ಲಿ, ಸಾಲ ಕೇಳುವ ಗೆಳೆಯನೊಡನೆ ಲಿಫ್ಟಿನ ಬಳಿಯಲ್ಲಿ. ಲಿಫ್ಟಿನೊಳಗೆ ಎರಡೂ ಕಂಪನಿಗಳು ಸಾಯುತ್ತವೆ. ಅದೊಂದು ಅನುಕೂಲವೆಂದೇ ಬಗೆದು ಆ ಅಂಕಣವನ್ನು ಲೆಕ್ಕದಿಂದ ಬಿಟ್ಟೆ.

ವೇಗದ ವಿಷಯದಲ್ಲಿ ಹೊಸದು ಬೆಳಿಗ್ಗೆ ಹನ್ನೊಂದಕ್ಕೆ ಚಿರತೆ, ರಾತ್ರಿ ಒಂಬತ್ತಕ್ಕೆ ಎಮ್ಮೆ. ಗೋಪುರ ಒಂದೇ, ಸುತ್ತಲಿನ ಫ್ಲ್ಯಾಟುಗಳವರೆಲ್ಲ ಊಟ ಮುಗಿಸಿ ಒಟ್ಟಿಗೆ ಕ್ರಿಕೆಟ್ ನೋಡಲು ಕುಳಿತರೆ ಅದು ತಾನೇ ಏನು ಮಾಡೀತು? ಆದರೂ ಹಳೆಯದಕ್ಕಿಂತ ವಾಸಿಯಾಗಿತ್ತು.

ಊರಿನ ಪರೀಕ್ಷೆಯೇ ಮುಖ್ಯವಾದದ್ದು. ಮೇ ತಿಂಗಳಲ್ಲಿ ಹೋದಾಗ ಹೊಸ ಸಿಮ್ಮು ಕಿಟಕಿಯಲ್ಲಷ್ಟೇ ಅಲ್ಲದೆ ಜಗಲಿಯಲ್ಲಿಯೂ, ಕೊಟ್ಟಿಗೆಯ ಬಾಗಿಲಿನಲ್ಲಿಯೂ ಉಸಿರಾಡಿತು. 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಸಾಗುತ್ತವೆ, ಗೋಡೆಯನ್ನೂ ಹಾಯುತ್ತವೆ. 2300ರಂಥ ಮೇಲಿನವು ಹೆಚ್ಚು ಸರಕು ಹೊತ್ತರೂ ಬೇಗ ದಣಿಯುತ್ತವೆ ಎಂದು ನಾನು ಅಮ್ಮನಿಗೆ ಉಪನ್ಯಾಸ ಕೊಟ್ಟೆ. ಆಕೆ ಹಲಸಿನ ತೊಳೆ ಬಿಡಿಸುತ್ತ ಎಲ್ಲವನ್ನೂ ಕೇಳಿ, ‘ಬೇಸಿಗೆಯಲ್ಲಿ ಯಾರಾದರೂ ಒಳ್ಳೆಯವರೇ. ಆರಿದ್ರಾ ಮಳೆಯಲ್ಲಿ ತಂದು ನೋಡು’ ಎಂದಳು. ಇದರ ಮುಂದೆ ನನ್ನ ಮೆಗಾಹರ್ಟ್ಸ್ ನಿಲ್ಲಲಿಲ್ಲ. ನೆನೆದ ಎಲೆಗಳು ತರಂಗವನ್ನು ಹೀರುತ್ತವೆ, ನಮ್ಮ ಮನೆಯ ಸುತ್ತ ಇರುವುದು ಎಲೆಯೇ. ಅದಕ್ಕಿಂತ ಮಿಗಿಲಾಗಿ, ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಗೋಪುರವು ಬ್ಯಾಟರಿಯ ಮೇಲೆ ಬದುಕುತ್ತದೆ, ಬ್ಯಾಟರಿ ಎಷ್ಟು ಹೊತ್ತಿನದು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಹೀಗಾಗಿ 28 ದಿನಗಳ ಪರೀಕ್ಷೆಗೆ ಮತ್ತೆರಡು ಕರೆನ್ಸಿ ಬಿದ್ದವು.

ಈ ನಡುವೆ ಹೊಸ ಸಂಖ್ಯೆಗೆ ಕರೆಗಳು ಬರತೊಡಗಿದ್ದವು. ಬಳಕೆ ನಿಂತ ಸಂಖ್ಯೆಗಳನ್ನು ಕಂಪನಿಗಳು ಕೆಲವು ಕಾಲದ ನಂತರ ಬೇರೆಯವರಿಗೆ ಹಂಚುತ್ತವೆ. ನನಗೆ ಬಂದದ್ದು, ಕರೆಗಳಿಂದ ಊಹಿಸಿದಂತೆ, ತಿಪಟೂರಿನ ಕಡೆಯ ತೆಂಗಿನಕಾಯಿ ಸಾಗಿಸುವವರೊಬ್ಬರ ಸಂಖ್ಯೆ. ‘ಲೋಡು ಯಾವಾಗ ಬರುತ್ತೆ ಅಣ್ಣಾ?’ ಎಂದು ಬೆಳಿಗ್ಗೆ ಆರಕ್ಕೇ ಕೇಳುತ್ತಿದ್ದರು. ಮೊದಮೊದಲು ‘ರಾಂಗ್ ನಂಬರ್’ ಎನ್ನುತ್ತಿದ್ದೆ. ಜೂನ್ ಹೊತ್ತಿಗೆ ಕಾಯಿಯ ಧಾರಣೆ ವಿಚಾರಿಸುವಷ್ಟು ಸಲಿಗೆ ಬೆಳೆದಿತ್ತು.

ಜೂನ್ ಕೊನೆಯ ವಾರ, ಆರಿದ್ರಾ ಹಿಡಿದ ಮೂರನೆಯ ದಿನ ಊರಿಗೆ ಹೋದೆ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು. ನಾಲ್ಕಕ್ಕೆ ಹಳೆಯ ಕಂಪನಿ ಕಣ್ಣು ಮುಚ್ಚಿತು. ಹೊಸದು ಆರೂವರೆಯ ತನಕ, ದೀಪ ಹಚ್ಚುವವರೆಗೂ ಇದ್ದು ಆಮೇಲೆ ಹೋಯಿತು. ‘ಎರಡೂವರೆ ತಾಸು ಹೆಚ್ಚು ಬಂತಲ್ಲ, ಮತ್ತೇನು ಬೇಕು?’ ಎಂದು ಅಮ್ಮ ತೀರ್ಪಿತ್ತಳು. ಬೆಂಗಳೂರಿಗೆ ಮರಳಿದವನೇ 1900ಕ್ಕೆ ಸಂದೇಶ ಕಳಿಸಿದೆ. ವರ್ಷಗಟ್ಟಲೆ ನನ್ನ ದೂರನ್ನು ಕೇಳಲು ಮನುಷ್ಯರೇ ಇಲ್ಲದಿದ್ದ ಹಳೆಯ ಕಂಪನಿಯಿಂದ ಅದೇ ಸಂಜೆ ಜೀವಂತ ಹೆಣ್ಣುಮಗಳೊಬ್ಬಳು ಕರೆ ಮಾಡಿ, ಅಚ್ಚಗನ್ನಡದಲ್ಲಿ, ‘ನಮ್ಮಿಂದ ಏನು ತಪ್ಪಾಯಿತು?’ ಎಂದಳು. ಉತ್ತರ ಹೇಳುತ್ತಿರುವಾಗಲೇ ಕರೆ ಕಡಿದುಹೋಯಿತು.

ಮೂರು ಕೆಲಸದ ದಿನಗಳೊಳಗೆ, ಒಂದು ರಾತ್ರಿ, ಹಳೆಯ ಸಿಮ್ಮು ಆರಿತು. ನಾನು ಎಣಿಸದಿದ್ದ ಒಂದು ಸಂಗತಿಯೆಂದರೆ, ನನ್ನ ಸಂಖ್ಯೆ ವಲಸೆ ಹೋದದ್ದು ಅಂಗಡಿಯವನು ಕೊಟ್ಟ ಮೂರನೆಯ ಸಿಮ್ಮಿಗೆ. ಮೂರು ತಿಂಗಳು ನೊಗ ಹೊತ್ತ ಎರಡನೆಯದಕ್ಕೆ ಈಗ ಫೋನಿನಲ್ಲಿ ಕೆಲಸವಿಲ್ಲ. ಅದಕ್ಕೆ ಮತ್ತೆ ಕರೆನ್ಸಿ ಹಾಕಿಸುವುದಿಲ್ಲವೆಂದು ನಿರ್ಧರಿಸಿ ತೆಗೆಯುವ ಮುನ್ನ, ಬೆಳಿಗ್ಗೆ ಆರಕ್ಕೆ ಕರೆ ಮಾಡಿದವರಿಗೆ ಇನ್ನು ಈ ಸಂಖ್ಯೆಯಲ್ಲಿ ನಾನು ಸಿಗುವುದಿಲ್ಲವೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಿಮ್ಮ ಹೊಸ ನಂಬರ್ ಕೊಡಿ ಅಣ್ಣಾ’ ಎಂದರು.