ಬ್ಯಾಗು ಹಿಡಿದವರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಬೇಕೇ?

ಕೇಂದ್ರ ಸರ್ಕಾರದ ಆಸ್ಪತ್ರೆಗಳೊಳಗೆ ಔಷಧ ಕಂಪನಿಗಳ ಪ್ರತಿನಿಧಿಗಳನ್ನು ಬಿಡಬಾರದು ಎಂದು 2025ರ ಮೇ ತಿಂಗಳಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿತು. ಹೊಸ ಔಷಧದ ಮಾಹಿತಿ ಇದ್ದರೆ ಇಮೇಲ್‌ನಂಥ ದಾರಿಯಲ್ಲಿ ಕಳುಹಿಸಲಿ ಎಂದಿತು. ಇದೇ ನಿಯಮ ರಾಜ್ಯದ ಎಲ್ಲ ಆಸ್ಪತ್ರೆಗಳಿಗೂ ಬರಬೇಕೇ?

ಪರ: ಸಾಲಿನಲ್ಲಿ ನಿಂತವರು ನೋಡುತ್ತಿರುತ್ತಾರೆ
(ತಾಲ್ಲೂಕು ಆಸ್ಪತ್ರೆಯ ನಿವೃತ್ತ ವೈದ್ಯೆ)

ಬರಬೇಕು. ಈ ಪಕ್ಷ ವಹಿಸಿ ಬರೆಯುತ್ತೇನೆ ಎಂದು ಒಪ್ಪಿಕೊಂಡ ಮೇಲೆ ಮೊದಲ ಮಾತೇ ಅದಾಗಿರಲಿ. ಒಂದೆರಡು ಕಡೆ ನನಗೇ ಅಳುಕಿದೆ, ಆ ಜಾಗ ಬಂದಾಗ ಹೇಳುತ್ತೇನೆ.

ನಮ್ಮೂರಿನ ಸಂತೆ ಸೋಮವಾರ. ಅಂದು ಹನ್ನೊಂದು ಗಂಟೆಯ ಹೊತ್ತಿಗೆ ಹೊರರೋಗಿಗಳ ಸಾಲು ಔಷಧ ಕೊಡುವ ಕಿಟಕಿಯನ್ನು ದಾಟಿ ಹುಣಸೆ ಮರದ ಬುಡ ಮುಟ್ಟುತ್ತಿತ್ತು. ಚೀಟಿ ನಂಬರ್ 87ರ ಅಜ್ಜಿ ಬೆಳಗಿನ ಮೊದಲ ಬಸ್ಸಿಗೆ ಬಂದು ಕೂತಿರುತ್ತಿದ್ದರು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೈ ಕಟ್ಟಿ, ಕಪ್ಪು ಬ್ಯಾಗು ಹಿಡಿದ ಇಬ್ಬರೋ ಮೂವರೋ ಬರುತ್ತಿದ್ದರು. ಆಯಾ ಬಾಗಿಲ ಪರದೆ ಸರಿಸುತ್ತಿದ್ದಳು. "ಎರಡೇ ನಿಮಿಷ, ಮೇಡಂ" ಎನ್ನುತ್ತ ಅವರು ಒಳಗೆ ಬರುತ್ತಿದ್ದರು. ನಿಜವಾಗಿಯೂ ಎರಡೇ ನಿಮಿಷ. ಆದರೆ ಅವರು ಹೊರಗೆ ಹೋಗುವಾಗ ಸಾಲಿನಲ್ಲಿದ್ದವರ ಕಣ್ಣು ಅವರ ಮೇಲಿರುತ್ತಿರಲಿಲ್ಲ. ನನ್ನ ಮೇಜಿನ ಮೇಲಿರುತ್ತಿತ್ತು. ಏನಿಟ್ಟು ಹೋದರು ಎಂದು.

ಏನೂ ಇಟ್ಟು ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಕೋಣೆಯ ಗೋಡೆ ಗಡಿಯಾರ ಒಂದು ಔಷಧ ಕಂಪನಿ ಕೊಟ್ಟದ್ದು. ಮುಳ್ಳುಗಳ ಹಿಂದೆ ಗ್ಯಾಸ್ಟ್ರಿಕ್ ಮಾತ್ರೆಯ ಹೆಸರು ಕೆಂಪಕ್ಷರದಲ್ಲಿತ್ತು. ಬರೆಯುವ ಪ್ಯಾಡು ಇನ್ನೊಂದು ಕಂಪನಿಯದು. ನಾನು ಯಾರಿಂದಲೂ ಹಣ ಮುಟ್ಟಿದವಳಲ್ಲ. ಆದರೆ ನಿವೃತ್ತಿಯ ವರ್ಷ ಹಳೆಯ ಚೀಟಿ ಪುಸ್ತಕಗಳನ್ನು ತಿರುವಿದೆ. ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದು ಹೊರಗಿನ ಅಂಗಡಿಗೆ ಬರೆದುಕೊಟ್ಟಾಗಲೆಲ್ಲ, ಹೊಟ್ಟೆಯುರಿ ಎಂದಲ್ಲೆಲ್ಲ, ಗಡಿಯಾರದ ಹೆಸರೇ ಇತ್ತು. ಅದೇ ಮಾತ್ರೆ ಉತ್ತಮ ಎಂದು ನಾನು ಯಾವತ್ತು ತೀರ್ಮಾನಿಸಿದೆ? ಎಷ್ಟು ಯೋಚಿಸಿದರೂ ಅಂಥ ಒಂದು ದಿನ ನೆನಪಿಗೆ ಬರಲಿಲ್ಲ.

2016ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 2.8 ಲಕ್ಷ ವೈದ್ಯರ ಲೆಕ್ಕ ತೆಗೆದು ನೋಡಿದರು. ಕಂಪನಿಯ ಖರ್ಚಿನಲ್ಲಿ ಒಂದೇ ಒಂದು ಊಟ, ಅದೂ ಸರಾಸರಿ 20 ಡಾಲರಿಗಿಂತ ಕಡಿಮೆಯದು, ಉಂಡ ವೈದ್ಯರು ಆ ಕಂಪನಿಯ ಔಷಧವನ್ನು ಉಳಿದವರಿಗಿಂತ ಹೆಚ್ಚು ಬರೆದಿದ್ದರು. ಊಟವೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ ಎಂದು ವಾದಿಸಬಹುದು. ನನಗೆ ನನ್ನ ಗಡಿಯಾರವೇ ಸಾಕು.

ಕಾನೂನಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ವೈದ್ಯರು ಉಡುಗೊರೆ ಪಡೆಯಬಾರದೆಂದು ವೈದ್ಯಕೀಯ ಪರಿಷತ್ತು 2009ರಲ್ಲೇ ಹೇಳಿತ್ತು. ಕೊಡುವವರ ಕೈ ಕಟ್ಟಿರಲಿಲ್ಲ. ಜಿಂಕೋವಿಟ್ ಮಾತ್ರೆಯ ಪ್ರಚಾರಕ್ಕೆಂದು ವೈದ್ಯರಿಗೆ ಕೊಟ್ಟ ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್‌ಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಿದ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ, 2022ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟು ಅದಾಗದು ಎಂದಿತು. 2024ರ ಮಾರ್ಚಿನಲ್ಲಿ ಔಷಧ ಕಂಪನಿಗಳ ಪ್ರಚಾರಕ್ಕೆ ಕೇಂದ್ರ ಸರ್ಕಾರದ ಹೊಸ ಸಂಹಿತೆ ಬಂತು. ಬ್ರ್ಯಾಂಡ್ ನೆನಪಿಸುವ ವಸ್ತು 1000 ರೂಪಾಯಿ ಮೀರಬಾರದು, ಉಚಿತ ಸ್ಯಾಂಪಲ್ಲುಗಳ ಬೆಲೆ ಕಂಪನಿಯ ದೇಶೀಯ ಮಾರಾಟದ ಶೇ 2ನ್ನು ದಾಟಬಾರದು ಎಂದೆಲ್ಲ ಅದರಲ್ಲಿದೆ. ದೂರು ಮೊದಲು ಹೋಗಬೇಕಾದದ್ದು ಮಾತ್ರ ಔಷಧ ಉದ್ಯಮದ ಸಂಘಗಳದೇ ಸಮಿತಿಗೆ. ಅತ್ತೆಯ ಮೇಲಿನ ದೂರನ್ನು ಅತ್ತೆಗೇ ಕೊಟ್ಟ ಹಾಗೆ.

2022ರ ಜುಲೈಯಲ್ಲಿ ತೆರಿಗೆ ಇಲಾಖೆ ಬೆಂಗಳೂರಿನ ಔಷಧ ಕಂಪನಿಯೊಂದನ್ನು ಶೋಧಿಸಿದ ಮೇಲೆ ಡೋಲೋ-650 ಎಂಬ ಜ್ವರದ ಮಾತ್ರೆಯ ಹೆಸರಿನ ಜೊತೆ, ವೈದ್ಯರಿಗೆ 1000 ಕೋಟಿ ರೂಪಾಯಿಯ ಉಡುಗೊರೆ ಎಂಬ ಸಂಖ್ಯೆ ಊರೂರು ಸುತ್ತಿತು. ಆ ಮಾತ್ರೆಯ ವರ್ಷದ ಮಾರಾಟವೇ ಅಷ್ಟಿಲ್ಲ ಎಂದು ಕಂಪನಿ ಹೇಳಿತು. ಇರಬಹುದು. ಆದರೆ ಕೋವಿಡ್ ಬಂದಾಗ ತಮಗೂ ಅದನ್ನೇ ಬರೆದುಕೊಟ್ಟಿದ್ದರು ಎಂದು ಸುಪ್ರೀಂ ಕೋರ್ಟಿನ ಪೀಠದಿಂದಲೇ ನ್ಯಾಯಮೂರ್ತಿ ಚಂದ್ರಚೂಡ್ ಅವರು ಹೇಳಿದ ಮೇಲೆ ಸಂಖ್ಯೆಯ ತಿದ್ದುಪಡಿ ಯಾರಿಗೆ ಬೇಕು? ಆ ವಾರವೇ ನಮ್ಮೂರಿನ ಟೈಲರ್ ಒಬ್ಬರು ಜ್ವರವೆಂದು ಮನೆಗೆ ಬಂದರು. ಎರಡು ರೂಪಾಯಿ ಆಸುಪಾಸಿನ ಮಾತ್ರೆ ಬರೆದುಕೊಟ್ಟೆ. ಚೀಟಿಯನ್ನು ತಿರುಗಿಸಿ ನೋಡಿ, ನಗುತ್ತಲೇ ಕೇಳಿದರು: "ಇದಕ್ಕೆ ನಿಮಗೆಷ್ಟು ಬರುತ್ತದೆ, ಡಾಕ್ಟರಮ್ಮ?" ನಾನೂ ನಕ್ಕೆ. ಅವರು ಹೋದ ಮೇಲೆ ತುಂಬ ಹೊತ್ತು ಏನೂ ತೋಚಲಿಲ್ಲ.

ಪ್ರತಿನಿಧಿ ಬಾರದಿದ್ದರೆ ಹಳ್ಳಿಯ ವೈದ್ಯರಿಗೆ ಹೊಸ ಔಷಧ ತಿಳಿಯುವುದು ಹೇಗೆ ಎಂದು ಕೇಳುತ್ತಾರೆ. ಓದಿ ತಿಳಿಯಬೇಕು. ಇನ್ನು ನನ್ನ ಅಳುಕಿನ ಮಾತು. ಖಾಸಗಿ ಕ್ಲಿನಿಕ್ಕಿಗೆ ಯಾರು ಬರಬೇಕು, ಯಾರು ಬಾರದು ಎಂದು ಸರ್ಕಾರ ಹೇಗೆ ಕಾಯುತ್ತದೆ? ಅದನ್ನು ಹೇಳುವ ಶಕ್ತಿ ನನಗಿಲ್ಲ. ಸರ್ಕಾರಿ ಆಸ್ಪತ್ರೆಯ ಗೇಟಂತೂ ನಮ್ಮದೇ, ಅಷ್ಟನ್ನಾದರೂ ಹಾಕಿಕೊಳ್ಳೋಣ.

ವಿರೋಧ: ನನ್ನ ಬ್ಯಾಗಿನ ತಳದಲ್ಲಿ ಬುತ್ತಿ ಇತ್ತು
(ಮಾಜಿ ಔಷಧ ಪ್ರತಿನಿಧಿ, ದಾವಣಗೆರೆ)

ನಮ್ಮ ಬ್ಯಾಗಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ತೆರೆದು ನೋಡಿದವರು ಕಡಿಮೆ. ನಾನೇ ತೆರೆಯುತ್ತೇನೆ. ಮೊದಲು ವಿಷುಯಲ್ ಏಡ್, ಅಂದರೆ ಮಾತ್ರೆಯ ಚಿತ್ರ, ಗ್ರಾಫು ಇರುವ ದಪ್ಪ ಹಾಳೆಗಳ ಪುಸ್ತಕ. ಅದರ ಒಂದೊಂದು ಸಾಲೂ ಈಗಲೂ ಬಾಯಿಗೆ ಬರುತ್ತದೆ. ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಸ್ಯಾಂಪಲ್ ಸ್ಟ್ರಿಪ್ಪುಗಳು, ಹತ್ತು ಪೆನ್ನು, ಆರ್ಡರ್ ಪುಸ್ತಕ, ಮಡಿಸಿದ ರೇನ್‌ಕೋಟು. ತಳದಲ್ಲಿ ಮನೆಯವಳು ಕಟ್ಟಿಕೊಟ್ಟ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಸೋಮವಾರ ಹರಿಹರ, ಮಂಗಳವಾರ ರಾಣೆಬೆನ್ನೂರು, ಬುಧವಾರ ಹರಪನಹಳ್ಳಿ, ಗುರುವಾರ ಚನ್ನಗಿರಿ, ಉಳಿದ ಎರಡು ದಿನ ದಾವಣಗೆರೆ. ಇಪ್ಪತ್ತನಾಲ್ಕು ವರ್ಷ ಹೀಗೆ ಸುತ್ತಿದೆ. ಡಾಕ್ಟರಿಗೆ ಕೊಡುವ ಸಿಂಗಾಪುರದ ವಿಮಾನ ಟಿಕೆಟ್ಟು ಆ ಬ್ಯಾಗಿನಲ್ಲಿ ಒಂದು ದಿನವೂ ಇರಲಿಲ್ಲ.

ಅಂಥದ್ದೆಲ್ಲ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಬೆಂಗಳೂರಿನಿಂದ ಕಾರಿನಲ್ಲಿ ದೊಡ್ಡ ಸಾಹೇಬರು ಬರುತ್ತಿದ್ದರು, ಸಂಜೆ ಹೋಟೆಲಿನಲ್ಲಿ ಡಾಕ್ಟರರ ಜೊತೆ ಕೂರುತ್ತಿದ್ದರು. ನನ್ನನ್ನು ಕೆಳಗೆ ನಿಲ್ಲಲು ಹೇಳುತ್ತಿದ್ದರು. ಏನು ಮಾತಾಯಿತೋ ಮುಂದಿನ ತಿಂಗಳ ಮಾರಾಟದ ಅಂಕಿ ನೋಡಿಯೇ ನನಗೆ ತಿಳಿಯುತ್ತಿತ್ತು. ಈಗ ಆಸ್ಪತ್ರೆಯ ಗೇಟಿನಲ್ಲಿ ತಡೆಯುವುದು ಯಾರನ್ನು? ಕಾರಿನವರು ಆಸ್ಪತ್ರೆಗೆ ಬರುವುದೇ ಇಲ್ಲ. ಬೈಕಿನವನು ಬರುತ್ತಾನೆ, ಅವನಿಗೆ ಗೇಟು ಹಾಕುತ್ತೀರಿ.

ಡೋಲೋ ವಿಷಯವನ್ನು ಎತ್ತದೆ ಈ ಚರ್ಚೆ ನಡೆಯುವುದೇ ಇಲ್ಲ. ನ್ಯಾಯಮೂರ್ತಿಗಳು ಆ ಮಾತಾಡಿದ್ದು ಯಾರ ಅರ್ಜಿಯ ವಿಚಾರಣೆಯಲ್ಲಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದು ನಮ್ಮದೇ ಅರ್ಜಿ. ವೈದ್ಯಕೀಯ ಮತ್ತು ಮಾರಾಟ ಪ್ರತಿನಿಧಿಗಳ ಸಂಘಗಳ ಅಖಿಲ ಭಾರತ ಒಕ್ಕೂಟವೇ ಸುಪ್ರೀಂ ಕೋರ್ಟಿಗೆ ಹೋಗಿ, ಆಗಿದ್ದ ಸ್ವಯಂಪ್ರೇರಿತ ಸಂಹಿತೆ ಸಾಲದು, ಉಡುಗೊರೆ ನಿಲ್ಲಿಸಲು ಶಿಕ್ಷೆಯಿರುವ ಕಾನೂನು ಬೇಕು ಎಂದು ಕೇಳಿತ್ತು. ಬ್ಯಾಗು ಹಿಡಿದವರೇ ದೂರು ಕೊಟ್ಟವರು. ಇದನ್ನು ಮತ್ತೊಮ್ಮೆ ಬರೆಯುತ್ತೇನೆ: ಬ್ಯಾಗು ಹಿಡಿದವರೇ ದೂರು ಕೊಟ್ಟವರು. ದೂರು ಕೊಟ್ಟವನನ್ನೇ ಊರಿಂದ ಹೊರಗೆ ಹಾಕುವ ನ್ಯಾಯ ಯಾವ ಪಂಚಾಯಿತಿಯಲ್ಲಿದೆ?

ಒಂದು ಪೆನ್ನು, ಒಂದು ಗಡಿಯಾರ ಕೊಟ್ಟರೆ ಡಾಕ್ಟರ ಬುದ್ಧಿಯೇ ಬದಲಾಗುತ್ತದಂತೆ. ಎಂಥ ಮಾತು! ಎಂ.ಬಿ.ಬಿ.ಎಸ್., ಎಂ.ಡಿ. ಓದಿದವರು ಹತ್ತು ರೂಪಾಯಿ ಪೆನ್ನಿಗೆ ಸೋಲುವುದಾದರೆ ನಾನು ಒಂದು ತಿಂಗಳೂ ಟಾರ್ಗೆಟ್ ತಪ್ಪಬಾರದಿತ್ತು. ತಿಂಗಳ ಕೊನೆಯ ವಾರ ಸ್ಟಾಕಿಸ್ಟ್, ಅಂದರೆ ಔಷಧದ ಸಗಟು ವ್ಯಾಪಾರಿಯ, ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಇನ್ನೈದು ಬಾಕ್ಸ್ ತೆಗೆದುಕೊಳ್ಳಿ ಸರ್, ಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ" ಎಂದು ಕೈಮುಗಿದವನು ನಾನು.

ಡಾಕ್ಟರು ಏನು ಬರೆಯುತ್ತಿದ್ದಾರೆ ಎಂದು ನಾವು ಅವರನ್ನು ಕೇಳುವುದಿಲ್ಲ. ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ನಿಂತು ಬಂದ ಚೀಟಿಗಳನ್ನು ನೋಡಿ ಬರೆದುಕೊಳ್ಳುತ್ತೇವೆ. ಇದಕ್ಕೆ ಆರ್‌ಸಿಪಿಎ ಎಂದು ಹೆಸರು. ಗೂಢಚಾರಿಕೆ ಎನ್ನುವವರು ಎನ್ನಲಿ, ಕೆಲಸದ ಭಾಗ. ಹಾಗೆ ನಿಂತಾಗ ಕಂಡದ್ದನ್ನು ಹೇಳುತ್ತೇನೆ. ಡಾಕ್ಟರು ಬರೆದ ಮಾತ್ರೆ ಇಲ್ಲ ಎಂದು ಅಂಗಡಿಯವರು ಅದೇ ಔಷಧದ ಇನ್ನೊಂದು ಸ್ಟ್ರಿಪ್ ತೆಗೆದುಕೊಟ್ಟರು. ಮುದ್ರಿತ ಬೆಲೆ 95 ರೂಪಾಯಿ. ಅಂಗಡಿಗೆ ಅದು ಬಿದ್ದದ್ದು 15ಕ್ಕೆ. ಅದನ್ನು ಮಾರಲು ಯಾವ ಪ್ರತಿನಿಧಿಯೂ ಬೇಕಿಲ್ಲ, ನಡುವಿನ 80 ರೂಪಾಯಿಯೇ ಪ್ರತಿನಿಧಿ. ಡಾಕ್ಟರು ಬ್ರ್ಯಾಂಡ್ ಹೆಸರು ಬರೆಯಬಾರದು ಎಂದು 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಿತಲ್ಲ (ಅದೇ ತಿಂಗಳು ತಡೆಹಿಡಿಯಿತು, ಅದು ಬೇರೆ), ಆ ನಿಯಮ ಬಂದಾಗ, ಬ್ರ್ಯಾಂಡ್ ಆರಿಸುವುದು ಇನ್ನು ನಮ್ಮ ಕೈಯಲ್ಲೇ ಎಂದು, ಅತಿ ಹೆಚ್ಚು ಖುಷಿಪಟ್ಟದ್ದು ನನಗೆ ಗೊತ್ತಿರುವ ಕೆಲವು ಗಲ್ಲಾಪೆಟ್ಟಿಗೆಗಳು.

ಇನ್ನು ನಂಬಿಕೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಮೇಲೆ, ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಆ ಡ್ರಿಪ್ಪನ್ನು ಯಾವ ರೆಪ್, ಅಂದರೆ ನಮ್ಮಂಥ ಪ್ರತಿನಿಧಿ, ಬಂದು ಹೊಗಳಿದ್ದ? ಸರ್ಕಾರದ ಖರೀದಿಯಲ್ಲಿ ಬಂದದ್ದು ಅದು. ಜನರ ನಂಬಿಕೆ ಹೋಗುವುದು ಬಾಟಲಿಯೊಳಗಿನಿಂದ, ನನ್ನ ಟೈಯಿಂದಲ್ಲ.

ಒಂದು ರಾತ್ರಿಯ ಕಥೆ ಹೇಳಿ ಮುಗಿಸುತ್ತೇನೆ. 2011ರ ಮಳೆಗಾಲ. ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಮಲಗಿದ್ದ. ಮೊದಲು ಕಾಲು, ಆಮೇಲೆ ಕೈ, ಒಂದೊಂದಾಗಿ ಸೋಲುತ್ತಿದ್ದವು. ಗಿಲಾನ್-ಬಾರೆ ಎಂಬ ನರಗಳ ಕಾಯಿಲೆ ಎಂದರು ಡಾಕ್ಟರು. ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧ ಆ ರಾತ್ರಿಯೇ ಶುರುವಾಗಬೇಕು, ಊರಿನಲ್ಲಿ ಒಂದು ಬಾಟಲಿಯೂ ಇಲ್ಲ. ಒಂಬತ್ತೂವರೆಗೆ ನಾನು ಹೊರಗೆ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಡಾಕ್ಟರೇ ಹೊರಗೆ ಬಂದು, "ನಿಮ್ಮ ಕೈಯಲ್ಲಿ ಏನಾದರೂ ಆಗುತ್ತದೆಯೇ ನೋಡಿ" ಎಂದರು. ಆ ಔಷಧ ನಮ್ಮ ಕಂಪನಿಯದಲ್ಲ. ಹುಬ್ಬಳ್ಳಿಯಲ್ಲಿ ಆ ಕಂಪನಿಯ ರೆಪ್ ನನ್ನ ಗೆಳೆಯ. ಅವನು ಸ್ಟಾಕಿಸ್ಟ್‌ನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ಅಂಗಡಿ ತೆರೆಸಿದ. ಎಂಟು ಬಾಟಲಿಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಇಟ್ಟು, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ. ಎರಡು ಗಂಟೆಗೆ ಬೈಪಾಸಿನಲ್ಲಿ ಮಳೆಯಲ್ಲಿ ನಿಂತಿದ್ದೆ. ಬಸ್ಸು ಪೂರ್ತಿ ನಿಲ್ಲಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ಡಬ್ಬಿಯನ್ನು ಮಗುವನ್ನು ಕೊಡುವ ಹಾಗೆ ಕೊಟ್ಟರು. ರೇನ್‌ಕೋಟನ್ನು ಡಬ್ಬಿಗೆ ಹೊದಿಸಿ ಬೈಕ್ ಓಡಿಸಿದೆ.

ಹುಡುಗ ಎದ್ದು ನಡೆಯಲು ಮೂರು ತಿಂಗಳು ಹಿಡಿಯಿತು. ನಡೆದ. ಆ ರಾತ್ರಿಯ ಮರುದಿನ ನಮ್ಮ ಮ್ಯಾನೇಜರ್ ಫೋನು ಮಾಡಿ ಹಿಂದಿನ ದಿನದ ವರದಿ ಏಕೆ ಬಂದಿಲ್ಲ ಎಂದು ಬೈದರು, ಅದು ಇರಲಿ. ಒಂದು ವಾರದ ನಂತರ ಡಾಕ್ಟರು ತಾವಾಗಿಯೇ ಒಳಗೆ ಕರೆದು ಕುರ್ಚಿ ತೋರಿಸಿದರು. ಅಷ್ಟು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. "ನಿಮ್ಮ ಕಂಪನಿಯದು ಏನೇನಿದೆ?" ಎಂದರು. ನಮ್ಮದು ಕ್ಯಾಲ್ಸಿಯಂ ಮಾತ್ರೆ. ಅದೇ ಕ್ಯಾಲ್ಸಿಯಂ ಬೇರೆ ಐದಾರು ಕಂಪನಿಗಳಲ್ಲೂ ಇತ್ತು, ಕೆಲವು ನಮ್ಮದಕ್ಕಿಂತ ಅಗ್ಗ. ಅವರು ನಮ್ಮದನ್ನೇ ಬರೆದರು. ಮೂರು ವರ್ಷ ಬಿಡದೆ ಬರೆದರು. ನಾನು ಅವರಿಗೆ ಕೊಟ್ಟದ್ದು ಏನೂ ಇಲ್ಲ, ಪೆನ್ನು ಕೂಡ ಅಲ್ಲ. ಇಮೇಲ್ ಕಳುಹಿಸಿ ಇದನ್ನು ಪಡೆಯಲು ಆಗುತ್ತಿತ್ತೇ?