ಮರಿಯ ಹೊಟ್ಟೆಯ ಮೂರು ದಿನ ಮಾರುವವರ ಸೊತ್ತಲ್ಲ

ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ ಮಳೆಗಾಲ) ಒಂದು ಶುಕ್ರವಾರ ಮಧ್ಯಾಹ್ನ ಕಾಸರಗೋಡಿನ ಪಾರ್ಸೆಲ್ ಆಫೀಸಿನಿಂದ ನಾನು ಬಿಡಿಸಿಕೊಂಡು ಬಂದ ರಟ್ಟಿನ ಪೆಟ್ಟಿಗೆಯಲ್ಲಿ 52 ಗಿರಿರಾಜ ತಳಿಯ ಕೋಳಿಮರಿಗಳಿದ್ದವು. ಅವುಗಳಲ್ಲಿ 9 ಮರಿಗಳು ದಾರಿಯಲ್ಲೇ ಸತ್ತಿದ್ದವು. ಬದಿಯಡ್ಕದ ನಮ್ಮ ಮನೆಗೆ ತಂದ ಮೇಲೆ ನಾಲ್ಕು ದಿನಗಳಲ್ಲಿ ಇನ್ನೂ 14 ಸತ್ತವು. ಈಗ 29 ಉಳಿದಿವೆ. ಮಾರಿದವರಿಗೆ ಫೋನು ಮಾಡಿ ಹೇಳಿದಾಗ ಬಂದ ಉತ್ತರ ಇಂದಿಗೂ ಎದೆಯಲ್ಲಿ ಉರಿಯುತ್ತಿದೆ: "ಮೂರು ದಿನ ಏನೂ ಆಗುವುದಿಲ್ಲ ಅಮ್ಮಾ, ಹೊಟ್ಟೆಯಲ್ಲಿ ಹಳದಿ ಇರುತ್ತದೆ."

ಹಳದಿ ಇರುತ್ತದೆ ಎಂಬುದು ನಿಜ. ಮೊಟ್ಟೆಯೊಡೆಯುವ ಮುನ್ನ ಮರಿಯು ಉಳಿದ ಹಳದಿಯನ್ನು ಚೀಲ ಸಮೇತ ತನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಮತ್ತು ಅದರ ಬಲದಲ್ಲಿ ಎರಡು ದಿನ, ಬಹಳವೆಂದರೆ ಮೂರು ದಿನ ಕಾಳು ನೀರಿಲ್ಲದೆ ಬದುಕಬಲ್ಲದು. ಆದರೆ ಆ ದಿನಗಳು ಯಾತಕ್ಕೆ ಇವೆ ಎಂಬುದು ಹೇಂಟೆಯನ್ನು ಕಾವಿಗೆ ಕೂರಿಸಿದ ಯಾರಿಗಾದರೂ ಗೊತ್ತು. ನಮ್ಮ ನಾಟಿ ಹೇಂಟೆ ಹತ್ತು ಮೊಟ್ಟೆಗಳ ಮೇಲೆ ಕೂತಿದ್ದಾಗ ಮೊದಲ ಮರಿ 20ನೆಯ ದಿನ ಸಂಜೆಗೇ ಹೊರಬಂತು, ಕೊನೆಯದು 22ನೆಯ ದಿನ ಬೆಳಿಗ್ಗೆ. ಅಷ್ಟು ಹೊತ್ತೂ ಹೇಂಟೆ ಎದ್ದಿರಲಿಲ್ಲ. ಮೊದಲು ಹುಟ್ಟಿದ್ದು ತಾಯಿಯ ರೆಕ್ಕೆಯ ಅಡಿಯಲ್ಲಿ, ತಾಯಿಯ ಬಿಸಿಯಲ್ಲಿ, ಹೊಟ್ಟೆಯ ಹಳದಿಯನ್ನೇ ಉಂಡುಕೊಂಡು ಹಿಂದೆ ಉಳಿದ ಒಡಹುಟ್ಟುಗಳಿಗಾಗಿ ಕಾಯುತ್ತಿತ್ತು. ತಡವಾಗಿ ಹುಟ್ಟುವ ಮರಿಯನ್ನು ತಾಯಿ ಬಿಟ್ಟು ಹೋಗಬಾರದೆಂದು ಸಿಕ್ಕಿದ ಗಡುವು ಅದು. ಅದನ್ನು ಲಾರಿ, ಗೋದಾಮು, ಬಸ್ಸಿನ ಡಿಕ್ಕಿ ಹಂಚಿಕೊಂಡು ತಿನ್ನಲು ಯಾರು ಅಪ್ಪಣೆ ಕೊಟ್ಟರು?

ಪೆಟ್ಟಿಗೆಯ ಮೇಲೆ ಮರಿ ಒಡೆದ ದಿನಾಂಕದ ಮುದ್ರೆ ಇತ್ತು, ಹಾಗಾಗಿ ನಾನು ಲೆಕ್ಕ ಹಾಕಿದೆ. ಮಂಗಳವಾರ ಮರಿಗಳು ಹೊರಬಂದಿವೆ. ಬುಧವಾರ ಪೂರ್ತಿ ಬೆಂಗಳೂರಿನ ಕಡೆಯ, ಮೊಟ್ಟೆ ಮರಿ ಮಾಡಿಸಿ ಮಾರುವ ಆ ಹ್ಯಾಚರಿಯಲ್ಲೇ ಪೆಟ್ಟಿಗೆಯಲ್ಲಿದ್ದವು, ಏಕೆಂದರೆ ನಮ್ಮ ಊರಿನ ದಿಕ್ಕಿಗೆ ಇನ್ನೂ ನಾಲ್ಕು ಆರ್ಡರು ಬಂದು ಸೇರಬೇಕಿತ್ತಂತೆ. ಗುರುವಾರ ರಾತ್ರಿ ಬಸ್ಸಿಗೆ ಹಾಕಿದರು. ಆ ಮಳೆಯಲ್ಲಿ, ಘಟ್ಟದ ಚಳಿಯಲ್ಲಿ ಇಳಿದು ಬಂದ ಬಸ್ಸು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಕಾಸರಗೋಡು ಮುಟ್ಟಿತು. ನನಗೆ ಫೋನು ಬಂದದ್ದು ಹತ್ತೂವರೆಗೆ. ಬಸ್ಸು ಮುಟ್ಟುತ್ತಲೇ ಹೇಳಿದ್ದರೆ ಆರಕ್ಕೆ ಮುಂಚೆಯೇ ನಾನು ಅಲ್ಲಿ ನಿಂತಿರುತ್ತಿದ್ದೆ, ಹಿಂದಿನ ರಾತ್ರಿಯಿಡೀ ಫೋನನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಅದಕ್ಕೆಂದೇ ಎಚ್ಚರವಿದ್ದೆ. ಆ ಐದು ಗಂಟೆ ಪೆಟ್ಟಿಗೆ ಸಿಮೆಂಟು ನೆಲದ ಮೇಲೆ, ಎರಡು ಬಟ್ಟೆಯ ಮೂಟೆಗಳ ಅಡಿಯಲ್ಲಿತ್ತು. ಗಾಳಿಗೆಂದು ಕೊರೆದ ತೂತುಗಳು ಒಂದು ಬದಿಯಲ್ಲಿ ಪೂರ್ತಿ ಮುಚ್ಚಿಹೋಗಿದ್ದವು, ಒಂದು ಮೂಲೆ ಮಳೆನೀರಿಗೆ ನೆನೆದು ಕುಸಿದಿತ್ತು. ಸತ್ತ ಒಂಬತ್ತರಲ್ಲಿ ಏಳು ಮರಿಗಳು ಆ ಮೂಲೆಯಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ರಶೀದಿಯ ಸಾಮಗ್ರಿಯ ಅಂಕಣದಲ್ಲಿ ಬರೆದಿದ್ದದ್ದು "ರಟ್ಟಿನ ಪೆಟ್ಟಿಗೆ, 1" ಎಂದು ಮಾತ್ರ. ಒಳಗೆ ಜೀವವಿದೆ ಎಂಬ ಒಂದು ಪದವೂ ಅದರಲ್ಲಿರಲಿಲ್ಲ.

ಇದಕ್ಕೆಲ್ಲ ಕಾನೂನು ಇಲ್ಲವೆಂದು ಯಾರೂ ತಿಳಿಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1978ರಲ್ಲಿ ಪ್ರಾಣಿಗಳ ಸಾಗಾಟದ ನಿಯಮಗಳು ಬಂದಿವೆ, 2001ರಲ್ಲಿ ಕೋಳಿಗಳ ಸಾಗಾಟವನ್ನೂ ಅವುಗಳಲ್ಲಿ ಸೇರಿಸಲಾಗಿದೆ. ಮೊಟ್ಟೆಯೊಡೆದ ಮರಿಗಳನ್ನು ಕೂಡಲೇ ಕಳುಹಿಸಬೇಕು, ಪೆಟ್ಟಿಗೆಯಲ್ಲಿ ತುಂಬಿ ದಾಸ್ತಾನು ಇಡಬಾರದು, ಪೆಟ್ಟಿಗೆಯನ್ನು ಓರೆಯಾಗದಂತೆ ಸಮತಟ್ಟಾಗಿ ಹಿಡಿಯಬೇಕು, ಅದರ ಮೇಲಾಗಲಿ ಸುತ್ತಲಾಗಲಿ ಬೇರೆ ಸರಕು ಪೇರಿಸಬಾರದು, ಬಿಸಿಲು ಮಳೆ ತಾಗಿಸಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನ ಒಂದೇ ಪೆಟ್ಟಿಗೆಯ ವಿಷಯದಲ್ಲಿ ಇವುಗಳಲ್ಲಿ ಯಾವುದನ್ನೂ ಪಾಲಿಸಲಿಲ್ಲ. ನಾನು ಕನ್ನಡದಲ್ಲಿ ಬರೆದುಕೊಟ್ಟ ದೂರನ್ನು ಆಫೀಸಿನವರು ತಮಗೆ ಓದಲು ಬರುವುದಿಲ್ಲವೆಂದು ಮರಳಿಸಿದರು. ಮಗ ಅಲ್ಲೇ ಕೂತು ಮಲಯಾಳದಲ್ಲಿ ಬರೆದ, ಅಷ್ಟು ಹೊತ್ತೂ ಪೆಟ್ಟಿಗೆ ನನ್ನ ಮಡಿಲಲ್ಲಿತ್ತು.

ಅಂದು ಮನೆಯಲ್ಲಿ ನಾವು ಕಳೆದ ರಾತ್ರಿಯನ್ನು ಮಾರುವವರಲ್ಲಿ ಯಾರಾದರೊಬ್ಬರು ಬಂದು ನೋಡಬೇಕಿತ್ತು. ಸುಮಾರು 40 ಗ್ರಾಂ ತೂಗಬೇಕಾದ ಮರಿ ಅಂಗೈಯಲ್ಲಿಟ್ಟರೆ ಹತ್ತಿಯಷ್ಟು ಹಗುರವಾಗಿತ್ತು. ನೀರಿಂಗಿ ಕಾಲಿನ ಚರ್ಮ ಸುಕ್ಕುಗಟ್ಟಿತ್ತು, ಕಣ್ಣು ಮುಚ್ಚಿತ್ತು, ಕೊಕ್ಕು ನೆಲಕ್ಕೆ ತಾಗಿತ್ತು. ಇಂಥ ಮರಿಗೆ ಮೊದಲು ಬೇಕಾದದ್ದು ಬಿಸಿ, ಆಮೇಲೆ ನೀರು, ಕೊನೆಗೆ ತಿನಿಸು. ತಣ್ಣಗಾದ ಮೈಯ ಹೊಟ್ಟೆಗೆ ಹಾಕಿದ್ದು ಅರಗುವುದಿಲ್ಲ. ಅಕ್ಕಿಮಿಲ್ಲಿನ ಉಮಿ ಹರಡಿ, ಕಾಲು ಜಾರದಂತೆ ಅದರ ಮೇಲೆ ಹಳೆಯ ಗೋಣಿ ಹಾಸಿ, 35 ಡಿಗ್ರಿ ಬಿಸಿ ಬರುವಂತೆ ಬಲ್ಬು ಕಟ್ಟಿದ್ದೆ. ಉಗುರುಬೆಚ್ಚಗಿನ ಬೆಲ್ಲದ ನೀರನ್ನು ಬೆರಳ ತುದಿಯಲ್ಲಿ ತೆಗೆದು ಕೊಕ್ಕಿನ ಬದಿಗೆ ಮುಟ್ಟಿಸಿ, ಮರಿ ತಾನಾಗಿ ನುಂಗುವವರೆಗೆ ಕಾಯಬೇಕು; ಅವಸರ ಮಾಡಿ ಬಾಯಿಗೆ ಸುರಿದರೆ ಅದು ಶ್ವಾಸಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ. 43 ಮರಿಗಳಿಗೆ, ಒಂದೊಂದಕ್ಕೆ, ಅರ್ಧ ಗಂಟೆಗೊಮ್ಮೆ. ಹಿಕ್ಕೆ ಒಣಗಿ ಗುದ ಮುಚ್ಚಿಹೋದ ಹನ್ನೊಂದು ಮರಿಗಳನ್ನು ಅತ್ತೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ, ರೋಮ ಕೀಳದಂತೆ, ಮೆಲ್ಲನೆ ಒರೆಸಿ ಬಿಡಿಸಿದರು. ಎಪ್ಪತ್ತೆರಡು ವರ್ಷದ ಅವರು ಅಂದು ಊಟಕ್ಕೂ ಏಳಲಿಲ್ಲ.

ರಾತ್ರಿ ಒಂದು ಗಂಟೆಗೆ ಕರೆಂಟು ಹೋಯಿತು. ಆಟಿಯ ಮಳೆಗೆ ತೋಟದ ನಡುವಿನ ತಂತಿಯ ಮೇಲೆ ಮರ ಬೀಳುವುದು ನಮ್ಮಲ್ಲಿ ಹೊಸದಲ್ಲ, ಅದಕ್ಕಾಗಿ ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡವನ್ನು ಮಣ್ಣಿನ ಮಡಕೆಯಲ್ಲಿ ತುಂಬಿ, ಹೊಗೆ ಕಟ್ಟದಂತೆ ಕಿಟಕಿಯನ್ನು ಸ್ವಲ್ಪ ತೆರೆದು, ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಟ್ಟೆವು. ಬೆಳಗಾಗುವಷ್ಟರಲ್ಲಿ ಆರು ಹೋದವು. ಅವುಗಳಲ್ಲೊಂದು ಸಂಜೆ ಎದ್ದು ನಿಂತು, ಅಡಿಕೆ ಹಾಳೆಯ ತಟ್ಟೆಯಿಂದ ತಾನೇ ನೀರು ಕುಡಿದಿತ್ತು. ಅದು ಬದುಕಿತು ಎಂದೇ ನಾವಿಬ್ಬರೂ ಅಂದುಕೊಂಡಿದ್ದೆವು. "ಇದು ರೋಗ ಅಲ್ಲ ಮಗಾ, ಇದಕ್ಕೆ ಹೊತ್ತು ಮೀರಿದೆ" ಎಂದು ಅತ್ತೆ ಹೇಳಿದರು.

ಮಾರಿದವರು ಎರಡನೆಯ ಫೋನಿನಲ್ಲಿ ಹೇಳಿದ್ದು ಮೊದಲಿನದಕ್ಕಿಂತ ಕೀಳಾಗಿತ್ತು. ನಾನು ಹಣ ಕೊಟ್ಟದ್ದು 50 ಮರಿಗಳಿಗೆ, ಅವರು ಕಳುಹಿಸಿದ್ದು 52, ಆದ್ದರಿಂದ ಸಾವಿನ ಬಾಬ್ತು ತೀರಿತು ಎಂಬುದು ಅವರ ವಾದ. ಸಾಯುತ್ತವೆಂದು ತಿಳಿದೇ, ಎಷ್ಟು ಸಾಯಬಹುದೆಂದು ಮೊದಲೇ ಅಳೆದು, ಅಷ್ಟನ್ನು ಮೇಲಕ್ಕೆ ಹಾಕಿ ಕಳುಹಿಸುವುದನ್ನು ಇವರು ಉದಾರತನವೆನ್ನುತ್ತಾರೆ. ಆ ಎರಡು ಮರಿಗಳ ಬದಲು ಎರಡು ಫೋನು, ಬಸ್ಸು ಹೊರಟ ಹೊತ್ತಿಗೆ ಒಂದು, ಮುಟ್ಟಿದ ಹೊತ್ತಿಗೆ ಒಂದು, ಮಾಡಿದ್ದರೆ ನನಗೆ ಸಾಕಿತ್ತು. ಬುಧವಾರದ ದಾಸ್ತಾನು ಇಲ್ಲದಿದ್ದರೆ ಈ ಮರಿಗಳು ಗುರುವಾರ ಬೆಳಿಗ್ಗೆಯೇ ನಮ್ಮ ಬಲ್ಬಿನ ಅಡಿಯಲ್ಲಿರುತ್ತಿದ್ದವು, ಹೊಟ್ಟೆಯಲ್ಲಿ ಇನ್ನೂ ಒಂದು ದಿನದ ಹಳದಿ ಬಾಕಿ ಇರುತ್ತಿತ್ತು.

ಮೊನ್ನೆ ಅದೇ ಜನ ಮತ್ತೆ ಕರೆ ಮಾಡಿದರು. ಮುಂದಿನ ಮಂಗಳವಾರ ಹೊಸ ಬ್ಯಾಚು ಒಡೆಯುತ್ತದೆ, ಎಷ್ಟು ಹಾಕಲಿ ಎಂದು ಕೇಳಿದರು. ಎಷ್ಟು ಗಂಟೆಗೆ ಒಡೆಯುತ್ತವೆ, ಎಷ್ಟು ಗಂಟೆಗೆ ಪೆಟ್ಟಿಗೆಗೆ ಹಾಕುತ್ತೀರಿ, ಯಾವ ದಿನ ಯಾವ ಬಸ್ಸಿಗೆ ಕೊಡುತ್ತೀರಿ ಎಂದು ಬರೆದು ಕಳುಹಿಸಿ, ಆಮೇಲೆ ಹೇಳುತ್ತೇನೆ ಎಂದೆ. ಆಗಲಿ ಎಂದು ಫೋನಿಟ್ಟವರು ಇವತ್ತಿನವರೆಗೆ ಏನನ್ನೂ ಕಳುಹಿಸಿಲ್ಲ.